ಕಾಲು ಕೆಳಗೆ ಊರಬೇಡ, ಸುನಿತಾ!

ಅಂಬ್ಲಿಗೊಳದ ಕಾಲುವೆ ದಾಟಿದರೆ ಸುನಿತಾಳ ಮನೆಯವರ ಜೋಳದ ಹೊಲ. ಹೊಲವೇನೋ ಒಳ್ಳೆಯದೇ, ದಾರಿ ಮಾತ್ರ ಯಾರಿಗೂ ಬೇಡ. ಟ್ರ್ಯಾಕ್ಟರ್ ಇಳಿಸಿದರೆ ಹೂತುಕೊಳ್ಳುತ್ತದೆ, ಬೈಕ್ ಹತ್ತಿಸಿದರೆ ಜಾರುತ್ತದೆ. ದನದ ಮೇವು, ಗೊಬ್ಬರದ ಚೀಲ ಎಲ್ಲವೂ ತಲೆಯ ಮೇಲೇ ಹೋಗಬೇಕು, ತಲೆಯ ಮೇಲೇ ಬರಬೇಕು. ಅದಕ್ಕೇ ಸುನಿತಾಳ ಗಂಡ ಪರಶುರಾಮ ದಪ್ಪ ಗಾಲಿಯ ನಾಲ್ಕು ಚಕ್ರದ ಬೈಕು ತಂದ. ಎಟಿವಿ ಅಂತ ಅದರ ಹೆಸರು. ಊರವರ ಬಾಯಲ್ಲಿ ಅದು ಬಂದ ದಿನವೇ 'ನಾಲ್ಕುಗಾಲಿ' ಆಯಿತು.

"ಮೊದ್ಲು ಗೊತ್ತಿರೋರ ಹತ್ರ ಕಲೀರಿ" ಅಂದಳು ಸುನಿತಾ.

"ಮೀಸೆ ಬರೋಕ್ ಮುಂಚೆ ಬೈಕ್ ಹೊಡ್ದೋನು ನಾನು. ಎರಡು ಗಾಲಿ ಮೇಲೆ ಬೀಳದೋನು ನಾಲ್ಕು ಗಾಲಿ ಮೇಲೆ ಬೀಳ್ತೀನೇನೇ?"

ಹವಾಯಿ ಚಪ್ಪಲಿಯಲ್ಲೇ ಹತ್ತಿ ಕುಳಿತ. ಕಾಲುವೆ ಏರಿಯ ತಿರುವಿನಲ್ಲಿ ಗಾಡಿ ವಾಲಿತು. ಬೈಕಿನ ಅಭ್ಯಾಸ, ತಟ್ಟನೆ ಕಾಲು ನೆಲಕ್ಕೆ ಊರಿದ. ಹಿಂದಿನ ಗಾಲಿ ಅದೇ ಪಾದದ ಮೇಲೆ ಹತ್ತಿ ಇಳಿಯಿತು.

ಸೊರಬದ ಆಸ್ಪತ್ರೆಯಿಂದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮಗನನ್ನು ನೋಡಿ ಹೂವಮ್ಮ ಹಣೆ ಚಚ್ಚಿಕೊಂಡರು. "ಶನಿನ ಮನಿಗೆ ಕರ್ಕೊಂಡ್ ಬಂದ್ಯಲ್ಲೋ! ಮಾರಾಕು ಅದನ್ನ."

ಪರಶುರಾಮನೂ ಹೂಂ ಅಂದ. ಸುನಿತಾ ಮಾತ್ರ ಒಪ್ಪಲಿಲ್ಲ. ಮೇವಿನ ಹೊರೆ ಹೊತ್ತು ಹೊತ್ತು ಅವಳ ಕುತ್ತಿಗೆ ಆಗಲೇ ಹಿಡಿದುಕೊಂಡಿತ್ತು.

"ತಪ್ಪು ಗಾಡಿದಲ್ಲ ಅತ್ತೆ. ಕಲೀದೆ ಹತ್ತಿದ್ದು ತಪ್ಪು. ನಾನು ಕಲೀತೀನಿ."

"ನನ್ ಕೈಲೇ ಆಗದ್ದು ನಿನ್ ಕೈಲಿ ಆಗ್ತೈತಾ?" ಪರಶುರಾಮ ನಕ್ಕ.

"ನೋಡೋಣಂತೆ" ಅಂದವಳೇ ಫೋನ್ ತೆಗೆದುಕೊಂಡಳು.

ಶಿಕಾರಿಪುರದ ಶಾಹಿಸ್ತಾ ಅವಳ ಕಾಲೇಜಿನ ಗೆಳತಿ. ಮನೆಯವರದ್ದು ಗ್ಯಾರೇಜು. ಶಾಹಿಸ್ತಾ ತರಬೇತಿ ಪಡೆದು ಈಗ ರೈತರಿಗೆ ಇಂಥ ಗಾಡಿ ಓಡಿಸುವುದನ್ನು ಕಲಿಸುತ್ತಾಳೆ. ಬರುವಾಗಲೇ ಹೆಲ್ಮೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು ತಂದಳು.

"ಅಯ್ಯ, ಹೊಲಕ್ಕೆ ಹೋಗೋಕೆ ಯಾಕ್ ಬೇಕವ್ವ ಈ ವೇಷ?" ಅಂದರು ಹೂವಮ್ಮ.

"ಹೊಲದಾಗೂ ಕಲ್ಲೈತಲ್ಲ ಅಮ್ಮ. ಅಣ್ಣ ಆವತ್ತು ಬೂಟು ಹಾಕಿದ್ರೆ ಪೆಟ್ಟು ಇಷ್ಟು ಆಗ್ತಿರಲಿಲ್ಲ."

ಕೊಯ್ಲು ಮುಗಿದ ಸಮತಟ್ಟಾದ ಗದ್ದೆಯಲ್ಲಿ ಕಲಿಕೆ ಶುರುವಾಯಿತು. ಹತ್ತುವ ಮೊದಲು ಶಾಹಿಸ್ತಾ ಗಾಲಿಯ ಗಾಳಿ, ಬ್ರೇಕು, ಎಣ್ಣೆ ನೋಡಿಕೊಳ್ಳುವುದನ್ನು ಕಲಿಸಿದಳು. ಎಕ್ಸಲರೇಟರ್ ಬೈಕಿನಂತೆ ತಿರುಚುವುದಲ್ಲ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುವುದು. ಸುನಿತಾ ಮೊದಲು ಜೋರಾಗಿ ಒತ್ತಿ, ಕಿರುಚಿ, ಆಮೇಲೆ ತಾನೇ ನಕ್ಕಳು. ತಿರುವಿನಲ್ಲಿ ಗಾಡಿ ವಾಲಿದಾಗ ಅವಳ ಕಾಲೂ ಕೆಳಗೆ ಹೋಯಿತು.

"ಕಾಲು ಕೆಳಗೆ ಊರಬೇಡ, ಸುನಿತಾ!" ಶಾಹಿಸ್ತಾ ಕೂಗಿದಳು. "ಪಾದ ಎರಡೂ ಗಾಡಿ ಫುಟ್‌ರೆಸ್ಟ್ ಮೇಲೇ ಇರ್ಬೇಕು. ತಿರುವಿಗೆ ಮೊದ್ಲೇ ನಿಧಾನ ಮಾಡು, ಮೈಯನ್ನ ತಿರುಗೋ ಕಡೆ ವಾಲಿಸು. ಏರು ಹತ್ತುವಾಗ ಮುಂದಕ್ಕೆ ಬಾಗು, ಇಳಿಯುವಾಗ ಹಿಂದಕ್ಕೆ ಸರಿ. ಇಳಿಜಾರಿನ ನಡುವೆ ತಿರುಗಿಸ್ಲೇಬೇಡ."

"ಏರಿನಾಗೆ ಇಂಜಿನ್ ನಿಂತ್ರೆ?"

"ಮುಂದಕ್ಕೇ ಬಾಗಿರು, ಬ್ರೇಕ್ ಬಿಡ್ಬೇಡ. ಪಾರ್ಕಿಂಗ್ ಬ್ರೇಕ್ ಹಾಕಿ ಪಕ್ಕಕ್ಕೆ ಇಳಿ. ಗಾಡಿ ಹಿಂದಕ್ಕೆ ಉರುಳೋಕೆ ಬಿಟ್ಯೋ, ಮಗುಚ್ತೈತೆ."

ಗದ್ದೆಯಲ್ಲಿ ಕೈ ಕುದುರಿದ ಮೇಲಷ್ಟೇ ಶಾಹಿಸ್ತಾ ಸಣ್ಣ ದಿಬ್ಬ ಹತ್ತಿಸಿದಳು. ಅದೂ ಪಳಗಿದ ಮೇಲೆ ಕಾಲುವೆ ಏರಿ. ಅವಳು ಸೈ ಅಂದ ಬಳಿಕ ಸುನಿತಾ ಒಬ್ಬಳೇ ಹೊಲಕ್ಕೆ ಹೋಗತೊಡಗಿದಳು.

ಒಂದು ಬೆಳಿಗ್ಗೆ ಹೊಲದಲ್ಲಿ ಮೇವು ಕಟ್ಟುತ್ತಿದ್ದಾಗ ಹೂವಮ್ಮ ಮಂಡಿ ಹಿಡಿದುಕೊಂಡು ಬಂದರು. "ಸೀಟು ಇಷ್ಟುದ್ದ ಐತೆ, ನಾನೂ ಹಿಂದೆ ಕೂರ್ತೀನಿ."

"ಬೇಡ ಅತ್ತೆ. ಇದು ಒಬ್ರಿಗೇ ಮಾಡಿರೋ ಗಾಡಿ. ಸೀಟು ಉದ್ದ ಇರೋದು ಓಡಿಸೋರು ಹಿಂದೆ ಮುಂದೆ ಸರಿಯೋಕೆ."

"ಮೇವಿಗೆ ಜಾಗ ಐತೆ, ಅತ್ತೆಗಿಲ್ಲ!" ಹೂವಮ್ಮ ಮುಖ ತಿರುಗಿಸಿದರು. ಸುನಿತಾಳಿಗೆ ಕಸಿವಿಸಿಯಾಯಿತು. ಅವರನ್ನು ಸಮಾಧಾನ ಮಾಡಲೆಂದು, ಅವರು ಹೊರಬೇಕಿದ್ದ ಹೊರೆಯನ್ನೂ ಹಿಂದೆಯೇ ಬಿಗಿದಳು. ಅದು ಹೆಚ್ಚಾಯಿತೆಂದು ಅವಳ ಮನಸ್ಸಿಗೂ ಗೊತ್ತಿತ್ತು.

ಏರಿಯ ಮೇಲೆ ಪರಶುರಾಮ ಕೋಲೂರಿ ನಿಂತಿದ್ದ. ಗಾಡಿ ಅರ್ಧ ಏರು ಹತ್ತಿತ್ತು, ಇಂಜಿನ್ ಗಕ್ಕನೆ ನಿಂತಿತು. ಹಿಂದಿನ ಭಾರ ಎಳೆಯಿತು. ಮುಂದಿನ ಗಾಲಿ ಹಗುರಾದದ್ದು ಕೈಗೇ ತಿಳಿಯಿತು.

"ಕಾಲೂರು! ಕಾಲೂರೇ!" ಪರಶುರಾಮ ಗಾಬರಿಯಲ್ಲಿ ಕೂಗಿದ.

ಸುನಿತಾ ಊರಲಿಲ್ಲ. ಹ್ಯಾಂಡಲ್ ಮೇಲೆ ಎದೆ ತಾಗುವಷ್ಟು ಬಾಗಿದಳು. ಬ್ರೇಕ್ ಹಿಡಿದು ಪಾರ್ಕಿಂಗ್ ಬ್ರೇಕ್ ಹಾಕಿದಳು. ಗಾಡಿ ಗಟ್ಟಿಯಾಗಿ ನಿಂತಿತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಇಳಿದಳು. ಹೊರೆಗಳನ್ನೆಲ್ಲ ಬಿಚ್ಚಿ ಬದಿಗೆ ಹಾಕಿ, ಒಂದು ಗಳಿಗೆ ಸುಧಾರಿಸಿಕೊಂಡು, ಚಿಕ್ಕ ಗೇರಿನಲ್ಲಿ ಖಾಲಿ ಗಾಡಿಯನ್ನು ಮೇಲಕ್ಕೆ ಹತ್ತಿಸಿದಳು.

ಕೆಳಗೆ ನಿಂತು ಎಲ್ಲ ನೋಡಿದ ಹೂವಮ್ಮ ಏದುಸಿರು ಬಿಡುತ್ತ ಬಂದು ಸೊಸೆಯ ಕೈ ಹಿಡಿದರು. "ನಾನು ಹಠ ಮಾಡಿ ಹಿಂದೆ ಕೂತಿದ್ರೆ ಏನ್ ಗತಿಯಾಗ್ತಿತ್ತೇ ಮಗಳೇ?"

"ಹೆಚ್ಚು ಹೊರೆ ಹಾಕಿದ್ದು ನನ್ ತಪ್ಪು ಅತ್ತೆ. ಇನ್ನು ಎರಡು ಸಲ ಬಂದೇನು, ಭಾರ ಹೇರಲ್ಲ."

ಪರಶುರಾಮ ಕೋಲೂರಿಕೊಂಡು ಗಾಡಿಯ ಹತ್ತಿರ ಬಂದ. ಸುನಿತಾಳಿಗೆ ಅಂದ, "ನಾನ್ ಕೂಗಿದ್ದು ಕೇಳಿದ್ರೆ ನಿನ್ ಕಾಲೂ ಹೋಗ್ತಿತ್ತು. ಪ್ಲಾಸ್ಟರ್ ಬಿಚ್ಚಿ, ಡಾಕ್ಟ್ರು ಹೂಂ ಅಂದ್ಮೇಲೆ ಶಾಹಿಸ್ತಾಗೆ ಬರೋಕೆ ಹೇಳು. ನಾನೂ ಮೊದಲಿಂದ ಕಲೀತೀನಿ."

ಬಂಧುಗಳೇ, ನಿಮ್ಮ ಅಂಗಳಕ್ಕೂ ಇಂಥ ಗಾಡಿ ಬಂದಿದ್ದರೆ ಸಂತೋಷ. ಆದರೆ ಬೈಕ್ ಓಡಿಸಲು ಬರುತ್ತದೆ, ಟ್ರ್ಯಾಕ್ಟರ್ ಓಡಿಸಲು ಬರುತ್ತದೆ ಎಂಬ ಧೈರ್ಯದಲ್ಲಿ ಹತ್ತಬೇಡಿ. ತಿಳಿದವರಿಂದ ಸಮನೆಲದಲ್ಲಿ ಕಲಿಯಿರಿ. ಹೆಲ್ಮೆಟ್ಟು, ಬೂಟು ಹಾಕದೆ ಕೀಲಿ ತಿರುಗಿಸಬೇಡಿ. ಒಬ್ಬರಿಗೇ ಮಾಡಿದ ಗಾಡಿಯಲ್ಲಿ ಇಬ್ಬರು ಕೂರಬೇಡಿ, ಮಕ್ಕಳ ಕೈಗೆ ದೊಡ್ಡವರ ಗಾಡಿ ಕೊಡಬೇಡಿ, ಕುಡಿದು ಹತ್ತಬೇಡಿ. ಇದು ಡಾಂಬರು ರಸ್ತೆಯ ಗಾಡಿಯೂ ಅಲ್ಲ, ಹೊಲದಲ್ಲೇ ಇರಲಿ. ಹೊರಡುವಾಗ ಎಲ್ಲಿಗೆ ಎಂದು ಮನೆಯಲ್ಲಿ ಹೇಳಿ ಹೋಗಿ. ಕಲಿತು ಓಡಿಸುವವರಿಗೆ ಈ ಗಾಡಿ ಒಳ್ಳೆಯ ಎತ್ತಿನಂತೆ ದುಡಿಯುತ್ತದೆ. ನೀವೂ ಕಲಿತೇ ಹತ್ತಿ.