ನಾಲ್ಕೂವರೆ ಕಿಲೋವ್ಯಾಟ್

ನಮ್ಮ ಮನೆ ಓನರ್ ನಂಜುಂಡಪ್ಪನವರಿಗೆ ಎರಡು ಮಾತು ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಒಂದು, ನಿಮ್ಮ ಮನೆ ಹಳೆಯದು ಅನ್ನುವುದು. ಇನ್ನೊಂದು, ನಿಮಗೆ ಗೊತ್ತಿಲ್ಲ ಅನ್ನುವುದು. ಹೋದ ವಾರ ನಾನು ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಗೋವಿಂದರಾಜನಗರದ ಈ ಮನೆಯಲ್ಲಿ ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಗೆ ನಾನು. ನನ್ನ ಮಗಳು ಮೇಧಾ ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗಿನ್ನೂ ತಿಂಗಳು ತುಂಬಿಲ್ಲ. ಅಂಥ ಹೊತ್ತಲ್ಲೇ ಬಚ್ಚಲಿನ ಗೀಸರ್ ಕೈಕೊಟ್ಟಿತು. ಹಳೆಯದು ಮೂರು ಕಿಲೋವ್ಯಾಟಿನದು, ಅಂಥದ್ದೇ ಹಾಕಿಸಿಕೊಡಿ ಎಂದೆ. ನಂಜುಂಡಪ್ಪ ನಾಲ್ಕೂವರೆಯದು ಹೊತ್ತು ತಂದರು.

“ಬಾಣಂತಿ ನೀರು ಅಂದ್ರೆ ಹೊಗೆ ಆಡ್ತಿರ್ಬೇಕು ಮಿಸ್ಸೇ. ಮೂರು ಎಲ್ಲಿ ಸಾಲತ್ತೆ? ನಾನೇನು ಜುಗ್ಗ ಅಲ್ಲ.”

“ಗೋಡೆ ಒಳಗಿರೋದು ಹದಿನೈದು ಆಂಪ್ಸ್ ವೈರು ಸಾರ್. ಇದು ಇಪ್ಪತ್ತು ಎಳಿಯತ್ತೆ. ವೈರಿಂಗು ಹಳೇದು, ತಡ್ಕೊಳಲ್ಲ. ನಿಮಗೆ ಗೊತ್ತಾಗಲ್ಲ ಬಿಡಿ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇಷ್ಟನ್ನು ನನ್ನ ಹತ್ತನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ.

“ನಾನು ನಿಂತು ಕಟ್ಸಿದ ಮನೆ ಇದು. ನನಗೇ ಪಾಠ ಮಾಡ್ತೀರಾ?”

ಮರುದಿನ ನಾನು ಮೆಡಿಕಲ್ ಸ್ಟೋರಿಗೆ ಹೋಗಿದ್ದಾಗ ಅದನ್ನೇ ಗೋಡೆಗೆ ಹಾಕಿಸಿಬಿಟ್ಟರು. ಹಚ್ಚಿದ ಸ್ವಲ್ಪ ಹೊತ್ತಿಗೆ ಎಂಸಿಬಿ ಬಿತ್ತು. ಎತ್ತಿದರು, ಮತ್ತೆ ಬಿತ್ತು. ವೈರು ಕಾಯುವ ಮೊದಲೇ ಕರೆಂಟು ಕಡಿಯುವುದೇ ಅದರ ಕೆಲಸ. ಈ ಮಹಾನುಭಾವರು ಅದನ್ನು ಕಿತ್ತು ದೊಡ್ಡ ಎಂಸಿಬಿ ಹಾಕಿಸಿದರು. ಬೊಗಳುತ್ತದೆ ಎಂದು ಕಾವಲು ನಾಯಿಯನ್ನೇ ಓಡಿಸಿದ ಹಾಗೆ.

“ಈಗ ಬೀಳಲ್ಲ ನೋಡಿ” ಎಂದು ಮೀಸೆ ತಿರುವಿ ಇಳಿದು ಹೋದರು.

ಬೆಳಗ್ಗೆ ಮೇಧಾಳಿಗೆ ಎಣ್ಣೆ ಹಚ್ಚಿ ಮಣೆಯ ಮೇಲೆ ಕೂರಿಸಿದೆ. ಗೀಸರ್ ಹಾಕಿ ಐದು ನಿಮಿಷವಾಗಿರಬೇಕು, ಪ್ಲಾಸ್ಟಿಕ್ ಸುಟ್ಟ ವಾಸನೆ. ಸ್ವಿಚ್ ಮುಟ್ಟಿದರೆ ಕಾದ ಕಾವಲಿ. ಕೂಡಲೇ ಆರಿಸಿದೆ. ಒದ್ದೆ ನೆಲ, ಮುಚ್ಚಿದ ಬಾಗಿಲು, ಒಳಗೆ ಹಸಿ ಬಾಣಂತಿ. ಅವಳಿಗೆ ಸೀರೆ ಸುತ್ತಿ ಎಬ್ಬಿಸಿ ಕೋಣೆಗೆ ಕಳಿಸಿದೆ. ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದೆ. ನಂಜುಂಡಪ್ಪ ಬಂದರು, ಹಿಂದೆಯೇ ಹೆಂಡತಿ ಲಿಂಗಮ್ಮ.

“ಹೊಸಾ ಮಾಲು, ಮೊದಮೊದ್ಲು ಹಂಗೇ ವಾಸನೆ ಬರತ್ತೆ. ಏನೂ ಆಗಲ್ಲ” ಎಂದರು ನಂಜುಂಡಪ್ಪ.

“ಏನೂ ಆಗಲ್ವಾ? ಹಂಗಾದ್ರೆ ನಿಮ್ಮ ಸೊಸೆ ಬಿಂದುಶ್ರೀ ಮಗೂನ ಕರ್ಕೊಂಡ್ ಬನ್ನಿ. ಮೊದ್ಲು ಅದಕ್ಕೆ ಇಲ್ಲಿ ನೀರು ಹಾಕಿ. ಆಮೇಲೆ ನನ್ನ ಮಗಳು ಕೂತ್ಕೋತಾಳೆ.”

“ಬಿಡ್ತು ಅನ್ರೀ! ಬೆಳ್‌ಬೆಳಗ್ಗೆ ಎಂಥ ಮಾತು!” ಲಿಂಗಮ್ಮನ ಮುಖ ಬಿಳುಚಿಕೊಂಡಿತು.

“ನಿಮ್ಮ ಮೊಮ್ಮಗ ಅಂದ್ರೆ ಬಿಡ್ತು. ನನ್ನ ಮಗಳು ಅಂದ್ರೆ ಏನೂ ಆಗಲ್ಲ. ಅಲ್ವಾ?”

ನಂಜುಂಡಪ್ಪ ಜಂಬಕ್ಕೆ ಸ್ವಿಚ್ಚಿನ ಮೇಲೆ ಅಂಗೈ ಇಟ್ಟರು. ಇಟ್ಟಷ್ಟೇ ಬೇಗ ತೆಗೆದರು. ಲಿಂಗಮ್ಮ ಗಂಡನನ್ನೇ ದಿಟ್ಟಿಸಿದರು.

“ಮೂರರದ್ದೇ ಹಾಕ್ಸ್ತೀನಿ. ಹಳೇ ಎಂಸಿಬೀನೂ ಹಾಕ್ಸ್ತೀನಿ. ಬಾಣಂತನ ಮುಗೀತಿದ್ದಂಗೆ ಮನೆ ಖಾಲಿ ಮಾಡಿ. ಬಾಣಂತೀನ ಆಚೆ ಹಾಕಿದ ಅಂತ ಜನದ ಬಾಯಿಗೆ ಬೀಳಲ್ಲ ನಾನು. ಇಲ್ದಿದ್ರೆ ಇವತ್ತೇ ಸಾಮಾನು ಬೀದಿಗೆ ಬೀಳ್ತಿತ್ತು.”

“ಆಯ್ತು, ಮಾಡ್ತೀನಿ. ಗೀಸರ್ ಇವತ್ತೇ ಬರ್ಲಿ” ಎಂದೆ. ಬಾಯಲ್ಲಿ ಅಂದದ್ದಷ್ಟೇ. ಈ ಏರಿಯಾದಲ್ಲಿ ಬೇರೆ ಮನೆ ಸಿಗುವುದು ಹುಡುಗಾಟವಲ್ಲ.

ಗೀಸರ್ ಬಂತು. ಮರುದಿನ ಮೇಧಾಳಿಗೆ ನೀರು ಹಾಕುತ್ತಿದ್ದೆ. ಗೇಟಿನ ಹತ್ತಿರ ಸುತ್ತಿಗೆಯ ಸದ್ದು. ಕಿಟಕಿಯಿಂದ ಬಗ್ಗಿ ನೋಡಿದೆ. ನಂಜುಂಡಪ್ಪ ಈಗಲೇ ಟು-ಲೆಟ್ ಬೋರ್ಡು ಹೊಡೆಯುತ್ತಿದ್ದರು.

“ಅಮ್ಮ, ಅದೇನು ಸದ್ದು?”

“ಏನೂ ಇಲ್ಲ, ತಲೆ ಬಗ್ಸು” ಎಂದು ಅವಳ ಬೆನ್ನಿಗೆ ಇನ್ನೊಂದು ಚೊಂಬು ಬಿಸಿನೀರು ಹೊಯ್ದೆ.