ಹೌದು ಅನ್ನಂಗಿಲ್ಲ, ಇಲ್ಲ ಅನ್ನಂಗಿಲ್ಲ

ಬ್ಯಾಡಗಿಯಲ್ಲಿ ಅಂದಾನೆಪ್ಪನ ಮೆಣಸಿನಕಾಯಿ ಗೋದಾಮಿಗೆ ಅಂಟಿಕೊಂಡೇ ಅವನ ಮನೆ. ಸುಗ್ಗಿಯಲ್ಲಿ ಅಂಗಳದ ತಾಡಪತ್ರಿಯ ಮೇಲೆ ಕೆಂಪು ರಾಶಿ ಬೀಳುತ್ತದೆ; ಓಣಿಯ ಹೆಂಗಸರು ಸುತ್ತ ಕೂತು ತೊಟ್ಟು ಬಿಡಿಸುತ್ತಾರೆ. ಘಾಟಿಗೆ ಮೂಗಿಗೆ ಸೆರಗು ಕಟ್ಟಿಕೊಂಡಿದ್ದರೂ ಮಾತು ನಿಲ್ಲುವುದಿಲ್ಲ. ಯಾರ ಸೊಸೆ ತವರಿಗೆ ಹೋದಳು, ಯಾರ ಮಗನಿಗೆ ಹೆಣ್ಣು ಸಿಗಲಿಲ್ಲ, ಯಾಕೆ ಸಿಗಲಿಲ್ಲ ಎಂಬುದೆಲ್ಲ ಆ ರಾಶಿಯ ಸುತ್ತಲೇ ತೀರ್ಮಾನವಾಗುತ್ತದೆ.

ಅಂದಾನೆಪ್ಪನ ಮಗಳು ಶೈಲಶ್ರೀ ಅವತ್ತು ಹಾವೇರಿಯಿಂದ ಸಂಜೆಯ ಬಸ್ಸಿಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಬಂದ್ಲು ನೋಡ್ರಿ, ಹುಚ್ಚು ಬಿಡಿಸೋ ಡಾಕ್ಟರು" ಎಂದಳು ಪಕ್ಕದ ಮನೆಯ ಉಚ್ಚಂಗೆವ್ವ.

ಶೈಲಶ್ರೀ ಡಾಕ್ಟರಲ್ಲ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಕೊನೆಯ ಸೆಮಿಸ್ಟರಿನ ತರಬೇತಿಗೆ ಹಾವೇರಿಯ ಒಂದು ಆಪ್ತಸಮಾಲೋಚನೆ ಕೇಂದ್ರಕ್ಕೆ ಹಾಕಿದ್ದರು. ಬಂದವರ ಜೊತೆ ಅವಳೇ ಕೂತು ಮಾತಾಡುತ್ತಿದ್ದಳು. ಆಮೇಲೆ ಕೇಂದ್ರದ ಮಾರ್ಗದರ್ಶಕಿ ಅರುಣಾ ಮೇಡಂ ಎದುರು ಕೂತು, ತಾನು ಎಲ್ಲಿ ತಪ್ಪಿದೆನೆಂದು ಕೇಳಿಸಿಕೊಳ್ಳುತ್ತಿದ್ದಳು. ಇದನ್ನೆಲ್ಲ ಅಂಗಳದಲ್ಲಿ ಹೇಳಿ ಹೇಳಿ ಸಾಕಾಗಿ ಈಗ ನಗುವುದನ್ನು ಕಲಿತಿದ್ದಳು.

ಉಚ್ಚಂಗೆವ್ವನಿಗೆ ಅವತ್ತು ನಗು ಬೇಕಿರಲಿಲ್ಲ, ಸುದ್ದಿ ಬೇಕಿತ್ತು. ಹಿಂದಿನ ಓಣಿಯ ಚನ್ನೇಶನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಹಿಂದೆ ಸರಿದಿದ್ದರು. ಹುಡುಗ ತಲೆ ಸರಿಯಿಲ್ಲದೆ ಹಾವೇರಿಗೆ ಹೋಗುತ್ತಾನೆ ಎಂದು ಯಾರೋ ಹಬ್ಬಿಸಿದ್ದರು. "ನಿಮ್ಮಲ್ಲಿ ಬರ್ತಾನೇನ ಅಂವ? ಖರೇ ಹೇಳು."

ಚನ್ನೇಶ ಆ ಕೇಂದ್ರದ ಮೆಟ್ಟಿಲನ್ನೇ ಹತ್ತಿರಲಿಲ್ಲ. ಸುಳ್ಳು ಸುದ್ದಿಗೆ ಒಂದು ಸಂಬಂಧ ಮುರಿಯುವುದು ಕಂಡು ಶೈಲಶ್ರೀಗೆ ಸಿಟ್ಟು ಬಂತು. "ಇಲ್ಲ ಅತ್ತಿ, ಅಂವ ನಮ್ಮಲ್ಲಿ ಬಂದೇ ಇಲ್ಲ" ಎಂದುಬಿಟ್ಟಳು. ಆ ಮಾತು ಅಂಗಳದಿಂದ ಓಣಿಗೆ, ಓಣಿಯಿಂದ ಹೆಣ್ಣಿನ ಮನೆಗೆ ಹೋಗಿ ಚನ್ನೇಶನ ಸಂಬಂಧ ಮತ್ತೆ ಕೂಡಿಬಂತು. ತಾಯಿ ಪ್ರೇಮವ್ವ ಬಂದವರಿಗೆಲ್ಲ ಮಗಳ ಹೆಚ್ಚುಗಾರಿಕೆ ಹೇಳಿದಳು.

ಶೈಲಶ್ರೀಯೂ ಬೀಗುತ್ತ ಅರುಣಾ ಮೇಡಂಗೆ ಇದನ್ನು ಹೇಳಿದಳು. ಅವರು ಹೊಗಳಲಿಲ್ಲ. "ನಾಳಿ ಇನ್ನೊಬ್ಬರ ಹೆಸರ್ ಹಿಡದು ಕೇಳ್ತಾರ. ಅವರು ನಮ್ಮಲ್ಲಿ ಬರ್ತಿದ್ರ ಏನಂತಿ?" ಎಂದು ಕೇಳಿದರು. ಏನೂ ಹೇಳುವುದಿಲ್ಲ ಎಂದಳು ಶೈಲಶ್ರೀ. ಮೇಡಂ ಅವಳ ಮುಖವನ್ನೇ ನೆಟ್ಟಗೆ ನೋಡಿ, ಮುಂದಿನವರನ್ನು ಕರೆಯಲು ಎದ್ದರು. ಅವರು ಯಾಕೆ ಹಾಗೆ ನೋಡಿದರೆಂದು ಅವಳಿಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಹಲಗೇರಿಯಲ್ಲಿ.

ಅಣ್ಣ ಶಶಿಕಾಂತನಿಗೆ ಹಲಗೇರಿಯ ಒಂದು ಮನೆತನ ನೋಡಿದ್ದರು. ಹುಡುಗಿ ರಾಣೇಬೆನ್ನೂರಿನ ಖಾಸಗಿ ಶಾಲೆಯಲ್ಲಿ ಟೀಚರು, ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತಾರೆ ಎಂಬುದಷ್ಟೇ ಶೈಲಶ್ರೀಗೆ ಗೊತ್ತಿತ್ತು. ಭಾನುವಾರ ಅಪ್ಪ, ಅವ್ವ, ಅಣ್ಣನ ಜೊತೆ ಅವಳೂ ಹೋಗಿ ಜಮಖಾನೆಯ ಮೇಲೆ ಕೂತಳು. ಒಳಗಿನಿಂದ ಶಿರಾ, ಉಪ್ಪಿಟ್ಟಿನ ತಾಟು ಹಿಡಿದು ಬಂದವಳು ನಿರ್ಮಲಾ.

ನಿರ್ಮಲಾ ಹಾವೇರಿಯ ಕೇಂದ್ರಕ್ಕೆ ಬರುತ್ತಿದ್ದವಳು. ಶೈಲಶ್ರೀಯ ಎದುರಿನ ಕುರ್ಚಿಯಲ್ಲೇ ಕೂತು ಮಾತಾಡಿದ್ದವಳು. ರಾಣೇಬೆನ್ನೂರಿನಲ್ಲಿ ಯಾರಾದರೂ ನೋಡಿಯಾರೆಂದು ಹಾವೇರಿಗೆ ಬರುತ್ತಿದ್ದಳು. ಹಾವೇರಿಯವರು ಇದೇ ಕಾರಣಕ್ಕೆ ಹುಬ್ಬಳ್ಳಿಗೆ ಹೋಗುತ್ತಾರೆ. ಅವಳು ಅಲ್ಲಿ ಹೇಳಿಕೊಂಡದ್ದೇನು ಎಂಬುದು ಈ ಕಥೆಗೆ ಬೇಕಾಗಿಲ್ಲ.

ನಿರ್ಮಲಾಳ ಕಣ್ಣು ಶೈಲಶ್ರೀಯ ಮೇಲೆ ಬಿತ್ತು. ಕಾಲು ಅಲ್ಲೇ ನಿಂತಿತು. ಹಾಗೆ ನಿಂತದ್ದನ್ನು ಉಳಿದವರು ನಾಚಿಕೆ ಎಂದುಕೊಂಡರು. ಇಂಥ ಸಂದರ್ಭಕ್ಕೆಂದೇ ಕೇಂದ್ರದಲ್ಲಿ ಮೊದಲ ದಿನವೇ ಒಂದು ಮಾತು ಹೇಳಿರುತ್ತಾರೆ: ಹೊರಗೆಲ್ಲಾದರೂ ಕಂಡರೆ ನಾನಾಗಿ ನಿಮ್ಮನ್ನು ಮಾತಾಡಿಸುವುದಿಲ್ಲ, ಗುರುತು ತೋರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಆದರೆ ಹೆಣ್ಣು ನೋಡಲು ಬಂದವರು ಮಾತಾಡಿಸದೆ ಕೂತರೆ ಅದೇ ಒಂದು ಸುದ್ದಿಯಾಗುತ್ತದೆ. ತಾಟು ತನ್ನ ಮುಂದೆ ಬಂದಾಗ ಶೈಲಶ್ರೀ, ಮೊದಲ ಸಲ ಕಂಡವಳ ಹಾಗೆ ತಲೆಯೆತ್ತಿ ಕೇಳಿದಳು.

"ನಿಮ್ಮ ಹೆಸರೇನ್ರಿ?"

ನಿರ್ಮಲಾ ಒಂದು ಕ್ಷಣ ಅವಳನ್ನೇ ನೋಡಿದಳು. "ನಿರ್ಮಲಾ ಅಂತ್ರಿ" ಎಂದಳು. ತಾಟನ್ನು ಮುಂದೆ ಹಿಡಿದಳು.

ಆಮೇಲೆ ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು. ಕೆಳಗೆ ಎರಡನೇ ಸಲ ಚಹಾ ಆದರೂ ಅವರು ಇಳಿಯಲಿಲ್ಲ. ಪ್ರೇಮವ್ವ ಮೆಟ್ಟಿಲ ಕಡೆ ನೋಡಿ ನೋಡಿ ನಕ್ಕಳು. ಅವಳಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು.

ತಿರುಗಿ ಬರುವಾಗ ಕಾರು ಇನ್ನೂ ರಾಣೇಬೆನ್ನೂರು ದಾಟಿರಲಿಲ್ಲ, ಉಚ್ಚಂಗೆವ್ವನ ಫೋನು ಬಂತು. ಹಲಗೇರಿಯಲ್ಲಿ ಅವಳಿಗೊಬ್ಬ ಬೀಗಿತ್ತಿ ಇದ್ದಳು. ನಿರ್ಮಲಾ ಆ ಬೀಗಿತ್ತಿಗೆ ಹಾವೇರಿಯ ಕೇಂದ್ರದ ಬಾಗಿಲಲ್ಲಿ ಕಂಡಿದ್ದಳಂತೆ, ಒಂದಲ್ಲ ಎರಡು ಸಲ. ಪ್ರೇಮವ್ವ ಫೋನಿಟ್ಟು ಹಿಂದಿನ ಸೀಟಿಗೆ ತಿರುಗಿದಳು.

"ಶೈಲಾ, ಈ ಹುಡುಗಿ ನಿಮ್ಮಲ್ಲಿ ಬರ್ತಾಳೇನ?"

"ಅದನ್ನ ಹೇಳಾಕ ಬರಂಗಿಲ್ಲವ್ವ."

"ಚನ್ನೇಶಂದು ಹೇಳಾಕ ಬಂತು. ಅಂವ ಬಂದಿಲ್ಲಂತ ಇಡೀ ಊರಿಗೇ ಹೇಳಿದಿ. ಈಕಿದು ಯಾಕ ಬರಂಗಿಲ್ಲ?"

ಶೈಲಶ್ರೀಗೆ ಈಗ ಮೇಡಂ ನೋಡಿದ ನೋಟದ ಅರ್ಥವಾಯಿತು. ಅಂದು ಇಲ್ಲ ಎಂದಿದ್ದಕ್ಕೆ ಇಂದು ಅವಳು ಸುಮ್ಮನಿದ್ದರೂ ಹೌದು ಎಂದ ಹಾಗೆಯೇ. ಈಗಲೂ ಇಲ್ಲ ಎಂದುಬಿಟ್ಟರೆ ನಿರ್ಮಲಾ ಇವತ್ತಿಗೆ ಉಳಿಯುತ್ತಾಳೆ. ನಾಳೆ ಆ ಬೀಗಿತ್ತಿ ಸಾಕ್ಷಿ ಹೇಳಿದರೆ ನಿರ್ಮಲಾಳ ಜೊತೆ ತಾನೂ ಸುಳ್ಳುಗಾರ್ತಿಯಾಗುತ್ತಾಳೆ. ಆಮೇಲೆ ಆ ಕೇಂದ್ರದ ಮಾತನ್ನು ಬ್ಯಾಡಗಿಯಲ್ಲಿ ಯಾರೂ ನಂಬುವುದಿಲ್ಲ.

"ಚನ್ನೇಶನ ವಿಷಯ ಹೇಳಿದ್ದ ನನ್ನ ತಪ್ಪವ್ವ. ಬಂದವರದು ಹೇಳಬಾರದು, ಬರದವರದೂ ಹೇಳಬಾರದು. ಆವತ್ತು ತಿಳೀಲಿಲ್ಲ."

"ಅಂದ್ರ ಬರ್ತಾಳ" ಎಂದಳು ಪ್ರೇಮವ್ವ. ಅವಳ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. "ನಾ ಏನ ಕೆಟ್ಟಾಕಿ ಅಲ್ಲ. ಇರಾಂವ ಒಬ್ಬನ ಮಗ. ನಾಳಿ ಲಗ್ನ ಆದ ಮ್ಯಾಲ ಏನರ ಆದ್ರ ಅನುಭವಿಸೋರ್ಯಾರು? ಒಡಹುಟ್ಟಿದ ಅಣ್ಣನ ಜೀವನಕಿಂತ ಯಾರೋ ಒಬ್ಬಾಕಿ ಗುಟ್ಟು ಹೆಚ್ಚಾತೇನ ನಿನಗ?"

ಶೈಲಶ್ರೀಗೆ ಉತ್ತರ ಗೊತ್ತಿತ್ತು, ಕಾರಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ಬಾಯಿಬಿಡುವ ಎಲ್ಲರೂ ಯಾರಿಗೋ ಯಾರೋ ಒಬ್ಬಾಕಿಯೇ. ಬೆಳಿಗ್ಗೆಯೇ ಬೇಡವೆಂದು ಹೇಳಿ ಕಳಿಸುವುದೆಂದು ಪ್ರೇಮವ್ವ ನಿಶ್ಚಯಿಸಿದಳು. ಅಂದಾನೆಪ್ಪ ಹೂಂ ಎಂದ. ಕಾರು ನಡೆಸುತ್ತಿದ್ದ ಶಶಿಕಾಂತ, "ಒಂದಿನ ತಡಿ ಬೇ" ಎಂದಷ್ಟೇ ಅಂದು ಗೇರು ಬದಲಾಯಿಸಿದ.

ಸೋಮವಾರ ಶೈಲಶ್ರೀ ಬಾಗಿಲು ತೆಗೆಯುವ ಮೊದಲೇ ಕೇಂದ್ರದ ಮುಂದೆ ನಿಂತಿದ್ದಳು. ಮೇಡಂ ಎದುರು ಎಲ್ಲ ಹೇಳಿ, ತನ್ನಿಂದ ಒಬ್ಬಳ ಸಂಬಂಧ ಮುರಿಯುತ್ತಿದೆ, ಈ ಕೆಲಸಕ್ಕೆ ತಾನು ಯೋಗ್ಯಳಲ್ಲ ಎಂದು ಅತ್ತಳು. ಮೇಡಂ ಅಳುವುದಕ್ಕೆ ಬಿಟ್ಟರು, ಆದರೆ ಹೆಚ್ಚು ಹೊತ್ತು ಬಿಡಲಿಲ್ಲ. "ಅತ್ತದ್ದು ಸಾಕು. ಈಗ ಆಕೀಗೆ ಏನು ಬೇಕು ನೋಡು" ಎಂದರು. ಮನೆಯ ಸಂಬಂಧದ ಮಾತು ಬಂದಿದ್ದರಿಂದ ಇನ್ನು ಮುಂದೆ ನಿರ್ಮಲಾಳ ಜೊತೆ ಶೈಲಶ್ರೀ ಕೂರುವಂತಿಲ್ಲ. ಇನ್ನೊಬ್ಬ ವಿದ್ಯಾರ್ಥಿನಿ ಶಿಲ್ಪಾ ಕೂರುತ್ತಾಳೆ. ಅದನ್ನು ನಿರ್ಮಲಾಳಿಗೆ ಎದುರಿಗೇ ಹೇಳಬೇಕು, ಅಂಗಳದಲ್ಲಿ ಆದ ತಪ್ಪನ್ನೂ ಹೇಳಬೇಕು.

ಫೋನು ಮಾಡಿದ್ದಕ್ಕೆ ನಿರ್ಮಲಾ ಶಾಲೆ ಬಿಟ್ಟಮೇಲೆ ಬಂದಳು. ಮೇಡಂ ಜೊತೆಗಿದ್ದರು. ಶೈಲಶ್ರೀ ಚನ್ನೇಶನ ವಿಷಯದಿಂದ ಶುರುಮಾಡಿ, ತನ್ನ ಮೌನವೇ ಉತ್ತರವಾಯಿತು ಎಂಬಲ್ಲಿಯವರೆಗೆ ಎಲ್ಲ ಹೇಳಿದಳು. ನಿರ್ಮಲಾ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಅಣ್ಣಾರಿಗೆ ನಾನ ಹೇಳೇನ್ರಿ" ಎಂದಳು.

ಶೈಲಶ್ರೀಗೆ ಅರ್ಥವಾಗಲಿಲ್ಲ.

"ಮಾಳಿಗಿ ಮ್ಯಾಲ. ನಿಮ್ಮನ್ನ ನೋಡಿದ ಕೂಡಲೇ ಎಲ್ಲಾ ಮುಗೀತು ಅಂದ್ಕೊಂಡೆ. ನೀವು ಗುರುತ ಇಲ್ಲದವರಂಗ ನನ್ನ ಹೆಸರ್ ಕೇಳಿದ್ರಿ. ಅಂದ್ರ ಅದು ಇನ್ನಾ ನನ್ನ ಕೈಯಾಗ ಐತಿ ಅಂತ ಗೊತ್ತಾತು. ನನ್ನ ಕೈಯಾಗಿಂದು ಯಾರಿಗೆ ಕೊಡಬೇಕು ಅನ್ನೋದು ನಂದಲ್ಲೇನ್ರಿ? ಅವರಿಗೆ ಹೇಳಿದೆ."

"ಅಂವ ಏನಂದ?" ಎಂದು ಕೇಳಿದ ಮೇಲೆ ಶೈಲಶ್ರೀ ನಾಲಿಗೆ ಕಚ್ಚಿಕೊಂಡಳು. ಅದು ತರಬೇತಿಯವಳ ಪ್ರಶ್ನೆಯಲ್ಲ, ತಂಗಿಯ ಪ್ರಶ್ನೆ. ಮೇಡಂ ಕೆಮ್ಮಿದರು.

"ಅದನ್ನ ಹೇಳಾಕ ಬರಂಗಿಲ್ರಿ" ಎಂದಳು ನಿರ್ಮಲಾ. ಮೊದಲು ನಕ್ಕವರು ಮೇಡಂ.

ಸಂಜೆಯ ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಶೈಲಶ್ರೀ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಕೂತಿದ್ದಳು. ಎದೆಯ ಮೇಲಿಂದ ಚೀಲ ಇಳಿಸಿದಂತಾಗಿತ್ತು. ಆದರೆ ಈ ಸಮಾಧಾನವನ್ನೂ ಮನೆಯಲ್ಲಿ ಹೇಳುವಂತಿರಲಿಲ್ಲ. ನಿರ್ಮಲಾ ಇಂದು ಬಂದಿದ್ದಳು ಎನ್ನುವುದೂ ಅವಳದೇ.

ಮನೆಯಲ್ಲಿ ಹೇಳುವವನು ಆಗಲೇ ಹೇಳಿ ಮುಗಿಸಿದ್ದ. ಪ್ರೇಮವ್ವ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟಿನ ಮುಂದೆ ಸುಮ್ಮನೆ ಕೂತಿದ್ದಳು. ಶಶಿಕಾಂತ ಬಾಗಿಲಿಗೆ ಒರಗಿ ನಿಂತಿದ್ದ.

"ಆಕಿ ಹೇಳ್ಯಾಳಂತ, ಎಲ್ಲಾ" ಎಂದಳು ಪ್ರೇಮವ್ವ ಮಗಳಿಗೆ. "ಇಂವಾ ತಂದೂ ಹೇಳಿದ. ವರ್ಷದ ಮ್ಯಾಲಾತಂತ ನೆಟ್ಟಗ ನಿದ್ದಿ ಇಲ್ಲ. ಎದಿ ಡವಡವ ಅಂತೈತಂತ. ನನ್ನ ಮಗ್ಗಲದಾಗ ಕುಂತು ಉಣ್ಣತಿದ್ದ, ನನಗ ಗೊತ್ತಿಲ್ಲ."

"ಆಕಿ ಹೋಗಿ ತೋರಿಸಿಕೊಂಡಾಳ, ನಾ ಹೋಗಿಲ್ಲ. ಅಷ್ಟ ಫರಕು ಇಬ್ಬರಿಗೂ" ಎಂದ ಶಶಿಕಾಂತ.

"ನನಗರ ಹೇಳಬಾರದಾಗಿತ್ತೇನ್ಲೇ?"

"ನಿನಗ ಹೇಳಿದ್ರ ಸಂಜಿಕ್ಕ ಉಚ್ಚಂಗೆವ್ವಗ ಗೊತ್ತಾಗತಿತ್ತು ಬೇ."

ಶಶಿಕಾಂತ ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದ. ಪ್ರೇಮವ್ವನಿಗೆ ಅದೇ ಹೆಚ್ಚು ತಾಗಿತು. ಬಹಳ ಹೊತ್ತು ಹಿಟ್ಟು ನಾದಿದಳು. ಆಮೇಲೆ ಮಗಳ ಕಡೆ ನೋಡಿ, "ನಿನಗ ಮದಲ ಗೊತ್ತಿತ್ತಲ್ಲ?" ಎಂದಳು.

"ಅದನ್ನ..."

"ಹೇಳಾಕ ಬರಂಗಿಲ್ಲ" ಎಂದು ಪ್ರೇಮವ್ವನೇ ಪೂರೈಸಿದಳು. ಬಾಗಿಲಲ್ಲಿ ನಿಂತ ಮಗನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಆಗಲಿಲ್ಲ.

ಹಲಗೇರಿಗೆ ಹೂಂ ಎಂದು ಹೇಳಿ ಕಳಿಸಿದರು. ಶಶಿಕಾಂತ ಒಂದು ದಿನ, ಹುಬ್ಬಳ್ಳಿಗೆ ಹೋಗಬೇಕು, ಮಾಲು ನೋಡುವುದಕ್ಕಲ್ಲ ಎಂದ. ಯಾರೂ ಏನೂ ಕೇಳಲಿಲ್ಲ. ಪ್ರೇಮವ್ವ ಬುತ್ತಿ ಕಟ್ಟಿಕೊಟ್ಟಳು.

ಮುಂದಿನ ವಾರ ಅಂಗಳದಲ್ಲಿ ಮತ್ತೆ ರಾಶಿ ಬಿದ್ದಿತ್ತು. ಉಚ್ಚಂಗೆವ್ವ ಹೊಸ ಸುದ್ದಿ ತಂದಿದ್ದಳು. ಐರಣಿ ಕಡೆಯ ಒಬ್ಬ ಹುಡುಗಿಯ ಹೆಸರು ಹಿಡಿದು, ಅವಳೂ ಹಾವೇರಿಗೆ ಬರುತ್ತಾಳೇನು ಎಂದು ಶೈಲಶ್ರೀಯನ್ನು ಕೇಳಿದಳು. ಆ ಹೆಸರನ್ನು ಶೈಲಶ್ರೀ ಕೇಳಿಯೇ ಇರಲಿಲ್ಲ. ಅವಳು ಬಾಯಿ ತೆಗೆಯುವ ಮೊದಲೇ ರಾಶಿಯ ಆಚೆ ಕೂತಿದ್ದ ಪ್ರೇಮವ್ವ ತಲೆಯೆತ್ತಿದಳು.

"ಈ ಮನ್ಯಾಗ ಇನ್ನ ಆ ಮಾತು ಕೇಳಬ್ಯಾಡ ಉಚ್ಚಂಗಿ. ಬರ್ತಾಳ ಅಂತನೂ ಹೇಳಂಗಿಲ್ಲ, ಬರಂಗಿಲ್ಲ ಅಂತನೂ ಹೇಳಂಗಿಲ್ಲ. ಯಾರದಿದ್ರೂ ಅಷ್ಟ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಚ್ಚಂಗೆವ್ವನ ಮುಖ ಸಣ್ಣದಾಯಿತು. ಉಳಿದವರು ನೀರು ಕುಡಿಯಲು ಎದ್ದು ಹೋದರೂ ಅವಳು ಏಳಲಿಲ್ಲ. ಕೈಯಲ್ಲಿದ್ದ ಮೆಣಸಿನಕಾಯಿಯನ್ನು ತಿರುಗಿಸುತ್ತ, ರಾಶಿಗೇ ಕೇಳುವ ಹಾಗೆ ಕೇಳಿದಳು.

"ನಾ ಬಂದ್ರೂ ಹೇಳಂಗಿಲ್ಲೇನ?"

"ನೀ ಬಂದ್ರೂ ಹೇಳಂಗಿಲ್ಲ" ಎಂದಳು ಪ್ರೇಮವ್ವ.

ಉಚ್ಚಂಗೆವ್ವ ಮೂಗಿನ ಸೆರಗನ್ನು ಇನ್ನಷ್ಟು ಮೇಲೆ ಎಳೆದುಕೊಂಡಳು. ಶೈಲಶ್ರೀ ಅವಳ ಕಡೆ ನೋಡಲಿಲ್ಲ, ಏನೂ ಕೇಳಲಿಲ್ಲ. ತಾಡಪತ್ರಿಯ ಅಂಚಿನಲ್ಲಿ ಕೂತು ಒಂದು ಹಿಡಿ ಮೆಣಸಿನಕಾಯಿಯನ್ನು ತನ್ನ ಮುಂದೆ ಎಳೆದುಕೊಂಡಳು.