ಗೂಟಕ್ಕೆ ನೇತುಹಾಕಿದ ಸಂಬಳ

ಸಂಬಳದ ದಿನ ಆ ಲಾಂಡ್ರಿಯಲ್ಲಿ ಊಟದ ಹೊತ್ತಿನ ಮಾತು ಸ್ವಲ್ಪ ಜೋರಾಗಿಯೇ ಇರುತ್ತಿತ್ತು. ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತವರಿಗೆಲ್ಲ ಒಂದು ಕಿವಿ ಹೊರಗಿನ ಓಣಿಯ ಕಡೆಗೆ. ಅಲ್ಲಿ ಗೋಡೆಯುದ್ದಕ್ಕೂ ಮರದ ಗೂಟಗಳು, ಗೂಟಕ್ಕೊಂದು ನೀಲಿ ಏಪ್ರನ್. ಮಾಲಕಿಯ ತಮ್ಮ ಕವರುಗಳ ಕಟ್ಟು ಹಿಡಿದು ಬಂದು, ಒಂದೊಂದು ಜೇಬಿಗೆ ಒಂದೊಂದು ಕವರು ಇಳಿಬಿಟ್ಟು ಹೋಗುವನು. ಊಟ ಮುಗಿಸಿ ಏಪ್ರನ್ ತೊಟ್ಟಾಗ ಜೇಬು ತುಸು ಭಾರವಾಗಿದ್ದರೆ ಸಂಬಳ ಬಂತು ಎಂದರ್ಥ.

ಇದು ಮಾಲಕಿಯ ತಾಯಿಯ ಕಾಲದಿಂದ ಬಂದ ಪದ್ಧತಿ. ಒಗೆಯುವವರ ಕೈ ಒದ್ದೆ, ಇಸ್ತ್ರಿಯವರ ಕೈಗೆ ಬಿಡುವಿಲ್ಲ. ಮಷೀನು ಆರಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಅರ್ಧ ಗಂಟೆಯ ಕೆಲಸ ದಂಡ. ಬ್ಯಾಂಕಿಗೆ ಹಾಕೋಣ ಎಂದು ತಮ್ಮ ಒಮ್ಮೆ ಹೇಳಿದ್ದ. "ತೆಗೆಯೋಕೆ ರಜಾ ಕೊಡ್ತೀರಾ?" ಎಂದು ಎಲ್ಲರೂ ಒಟ್ಟಿಗೇ ಕೇಳಿದ್ದರಿಂದ ಆ ಮಾತು ಅಲ್ಲೇ ನಿಂತಿತು.

ಆ ತಿಂಗಳು ಇಸ್ತ್ರಿಯವಳು ಊಟಕ್ಕೆ ಬಂದದ್ದು ಎಲ್ಲರಿಗಿಂತ ಕೊನೆಗೆ. ಹೋಟೆಲಿನ ಮೇಜುಬಟ್ಟೆಗಳ ರಾಶಿ ಮುಗಿಸಿ, ತೊಟ್ಟ ಏಪ್ರನ್ನಿನಲ್ಲೇ ನಾಲ್ಕು ತುತ್ತು ತಿಂದು, ಕೈ ಒರೆಸಿಕೊಳ್ಳುತ್ತಾ ತನ್ನ ಗೂಟದ ಹತ್ತಿರ ಬಂದರೆ ಗೂಟ ಬೋಳಾಗಿತ್ತು, ಕವರಿನ ಸುಳಿವೂ ಇರಲಿಲ್ಲ.

"ತಮ್ಮಾ, ನನ್ನ ಕವರೆಲ್ಲಪ್ಪಾ?"

"ಹಾಕಿದ್ನಲ್ಲ ಚಿಕ್ಕಮ್ಮ. ನಿನ್ನ ಗೂಟದಲ್ಲೇ. ಏಪ್ರನ್ ಜೇಬಿಗೆ."

"ನನ್ನ ಏಪ್ರನ್ ನನ್ನ ಮೈಮೇಲಿತ್ತಲ್ಲಪ್ಪಾ!"

ತಮ್ಮ ಅವಳ ಏಪ್ರನ್ ನೋಡಿದ, ಗೂಟ ನೋಡಿದ. "ಹಾಗಾದ್ರೆ ಅಲ್ಲಿ ನೇತಾಡ್ತಿದ್ದದ್ದು ಯಾರದ್ದು?"

ಎಲ್ಲರೂ ತಮ್ಮ ತಮ್ಮ ಏಪ್ರನ್ ಮುಟ್ಟಿ ನೋಡಿಕೊಂಡರು. ಇದ್ದಬದ್ದ ಏಪ್ರನ್‌ಗಳ ಜೇಬೆಲ್ಲ ತಿರುವಿಹಾಕಿದ್ದಾಯಿತು. ಕೊಳೆಬಟ್ಟೆಯ ಬುಟ್ಟಿಗಳನ್ನು ಬೋರಲು ಹಾಕಿದ್ದಾಯಿತು. ಹೋಟೆಲಿನ ಗಾಡಿ ಆಗಲೇ ಹೊರಟುಹೋಗಿತ್ತು. ಅಲ್ಲಿಗೆ ಫೋನು ಮಾಡಿದರೆ ಅವರೂ ಇಲ್ಲವೆಂದರು. ಕವರು ಮಾತ್ರ ಸಿಗಲಿಲ್ಲ.

ಸಂಜೆ ಬಾಗಿಲು ಹಾಕುವ ಮೊದಲು ಮಾಲಕಿ ಎಲ್ಲರನ್ನೂ ಇಸ್ತ್ರಿ ಮೇಜಿನ ಸುತ್ತ ಕರೆದಳು. ಇಸ್ತ್ರಿಯವಳ ಕಣ್ಣು ಕೆಂಪಾಗಿತ್ತು. ಅವಳ ಬಾಡಿಗೆ ಕೋಣೆಗೆ ಮನೆಯೊಡತಿಯ ಅಕ್ಕನ ಮಗ ತಾನು ಬರಬೇಕೆಂದು ಕಾದು ಕೂತಿದ್ದ. ಬಾಡಿಗೆ ಕೊಡದೆ ಈ ಭಾನುವಾರ ದಾಟಿದರೆ ಸಾಮಾನು ಹೊರಗಿಡುವುದಾಗಿ ಮನೆಯೊಡತಿ ಮೆಟ್ಟಿಲ ಮೇಲೆ ನಿಂತು, ಕೇರಿಗೆಲ್ಲ ಕೇಳುವಂತೆ ಹೇಳಿದ್ದಳು.

"ನಾವು ಕೊಟ್ಟಾಯ್ತು ಅಕ್ಕಾ," ತಮ್ಮ ಮೊದಲು ಮಾತು ತೆಗೆದ. "ಜೇಬಿಗೆ ಹಾಕೋವರೆಗೆ ನಮ್ಮದು, ಆಮೇಲೆ ಅವರದು. ಕನಿಕರ ಇಲ್ಲ ಅಂತಲ್ಲ. ಇವತ್ತು ಇನ್ನೊಂದ್ಸಲ ಕೊಟ್ರೆ ಮುಂದಿನ ತಿಂಗಳು ಇನ್ನೊಬ್ರು ಕಳೀತು ಅಂತಾರೆ. ಎಲ್ಲಿಗೆ ನಿಲ್ಲತ್ತೆ ಇದು?"

"ಗಿರಾಕಿ ಕೋಟು ಗೇಟಿನ ಮೇಲೆ ಹಾಕಿ ಬಂದು, ಕೊಟ್ಟಾಯ್ತು ಅಂದ್ರೆ ಸುಮ್ನಿರ್ತಾರೇನಪ್ಪ?" ಎಂದ ಒಗೆಯುವ ಮುದುಕ. ಅಲ್ಲಿ ಎಲ್ಲರಿಗೂ ಅವನು ಸೋಪ್ ಮಾವ. ಅವನ ಕೈಬೆರಳು ಬೇಸಿಗೆಯಲ್ಲೂ ನೀರಲ್ಲಿ ನೆನೆದ ಕಡಲೆಯ ಹಾಗಿರುತ್ತಿದ್ದವು.

"ಅದು ಬೇರೆ, ಇದು ಬೇರೆ ಮಾವ."

"ಬೇರೆ ಅಂತ ನನಗೂ ಅನ್ಸುತ್ತೆ. ಯಾಕೆ ಬೇರೆ ಅಂತ ಮಾತ್ರ ಹೊಳೀತಿಲ್ಲ."

ಎಲ್ಲರೂ ಕೈಲಾದಷ್ಟು ಹಾಕಿ ಒಟ್ಟು ಮಾಡೋಣ ಎಂದು ಯಾರೋ ಹೇಳಿದರು. ಬಟ್ಟೆ ಮಡಚುವ ಹುಡುಗಿ ಸಿಡಿದೆದ್ದಳು. ಕೆಲಸಕ್ಕೆ ಹೊಸಬಳು, ನಾಲಿಗೆಗೆ ಹಳಬಳು. "ನಾನ್ಯಾಕೆ ಹಾಕ್ಲಿ? ಮಧ್ಯಾಹ್ನದಿಂದ ಎಲ್ರೂ ನನ್ನ ಮುಖಾನೇ ನೋಡ್ತಿದ್ದೀರ. ಹಾಕಿದ್ರೆ ಕದ್ದಿದ್ದನ್ನ ವಾಪಸ್ ಕೊಟ್ಲು ಅಂತೀರ. ಹಾಕದಿದ್ರೆ ಇವಳೇ ಕಳ್ಳಿ ಅಂತೀರ. ಎತ್ತ ಹೋದ್ರೂ ನನ್ನ ತಲೆಗೇ!"

"ಯಾರೂ ಹಾಕೋದು ಬೇಡ ಮಗಾ," ಎಂದಳು ಇಸ್ತ್ರಿಯವಳು. "ನಿಮ್ಮ ಹೊಟ್ಟೆ ಕಟ್ಟಿ ನಾನು ಬಾಡಿಗೆ ಕಟ್ಲಾ?"

ಮಾಲಕಿ ಒಳ್ಳೆಯ ಹೆಂಗಸು. ನ್ಯಾಯ ಹೇಳಿ ಬೇಗ ಮುಗಿಸುವುದು ಅವಳಿಗೆ ಅಭ್ಯಾಸ. "ನೋಡು ಚಿಕ್ಕಮ್ಮ, ಅರ್ಧ ನಾನು ಕೊಡ್ತೀನಿ. ಇನ್ನರ್ಧ ನೀನು ಹೋಯ್ತು ಅಂದ್ಕೊ. ಇಬ್ಬರಿಗೂ ಭಾರ ಕಮ್ಮಿ."

ಇಸ್ತ್ರಿಯವಳು ಮೇಜಿನ ಮೇಲಿನ ಒಂದು ಸುಕ್ಕನ್ನು ಅಂಗೈಯಿಂದ ನೀವಿದಳು.

"ಅರ್ಧ ಅಂದ್ರೆ ಅರ್ಧ ತಪ್ಪು ನಂದು ಅಂತ ಆಯ್ತಲ್ಲಕ್ಕಾ. ಒಪ್ಕೋತೀನಿ. ಯಾವ ಅರ್ಧ ಅಂತ ಒಂದು ಹೇಳಿಬಿಡಿ."

ಮಾಲಕಿ ನಾಳೆ ನೋಡೋಣ ಎಂದು ಎದ್ದಳು. ಮನೆಗೆ ಹೋದರೂ, ಪಾತ್ರೆ ಎತ್ತಿಟ್ಟರೂ, ಆ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಲೇ ಇತ್ತು. ಯಾವ ಅರ್ಧ? ಕಲೆ ತೆಗೆಯುವ ಮೊದಲು ಅದು ಎಣ್ಣೆಯದೋ ಕಾಫಿಯದೋ ಎಂದು ನೋಡಬೇಕು, ಇಲ್ಲದಿದ್ದರೆ ಉಜ್ಜಿದಷ್ಟೂ ಹರಡುತ್ತದೆ. ಹೊಸಬರಿಗೆ ಇದನ್ನು ಹೇಳಿಕೊಡುವವಳು ಅವಳೇ. ಈ ವಿಷಯದಲ್ಲಿ ಮಾತ್ರ ನೋಡದೆಯೇ ಉಜ್ಜಲು ಹೊರಟಿದ್ದಳು.

ಮರುದಿನ ಬೆಳಿಗ್ಗೆ ಹಳೆ ಪೇಪರು ಕತ್ತರಿಸಿ, ಸಂಬಳದ ಕವರುಗಳಿಗೇ ತುಂಬಿ ಅಂಟಿಸಿದಳು. ಊಟದ ಹೊತ್ತಿಗೆ ತಮ್ಮನಿಗೂ ಹೇಳದೆ ತಾನೇ ಓಣಿಗೆ ಹೋದಳು. ಎಷ್ಟೋ ವರ್ಷಗಳಿಂದ ದಿನವೂ ಅದೇ ದಾರಿಯಲ್ಲಿ ಓಡಾಡಿದ್ದಳು. ಗೂಟಗಳನ್ನು ಒಂದೊಂದಾಗಿ ನೋಡಿದ್ದು ಆವತ್ತೇ. ಗೂಟದ ಮೇಲೆ ಬರೆದ ಗುರುತುಗಳು ಹಬೆಗೆ ಅರ್ಧ ಅಳಿಸಿಹೋಗಿದ್ದವು. ಒಂದು ಗೂಟದಲ್ಲಿ ಎರಡು ಏಪ್ರನ್, ಪಕ್ಕದ್ದರಲ್ಲಿ ಒಂದೂ ಇಲ್ಲ. ತಮ್ಮನಾಗಿದ್ದರೆ ಏನು ಮಾಡುತ್ತಿದ್ದ? ಮೇಲಿನದ್ದರ ಜೇಬಿಗೆ ಇಳಿಬಿಟ್ಟು ಮುಂದೆ ಹೋಗುತ್ತಿದ್ದ. ಅವಳೂ ಹಾಗೇ ಮಾಡಿದಳು.

ಸಂಜೆಯ ಹೊತ್ತಿಗೆ ಮೊದಲು ಬಾಯಿ ಬಿಟ್ಟವನು ಸೋಪ್ ಮಾವ.

"ಅಕ್ಕಾವ್ರೆ, ನಿನ್ನೆ ತಾನೇ ಸಂಬಳ ಆಯ್ತು, ಇವತ್ತು ಇನ್ನೊಂದು ಕವರು! ದೇವರು ಕಣ್ಣು ಬಿಟ್ಟ ಅಂತ ಮೂಲೆಗೆ ಹೋಗಿ ಬಿಚ್ಚಿದೆ. ಹೋದ ವಾರದ ಪೇಪರು. ಅದೂ ಮಾರ್ಕೆಟ್ ರೇಟಿನ ಪುಟ!"

ನಗು ಎದ್ದಿತು. ಮಾಲಕಿ ನಗುತ್ತಲೇ ಉಳಿದ ಕವರುಗಳನ್ನೂ ಕೇಳಿ ಪಡೆದಳು. ಹೆಚ್ಚಿನವು ಸರಿಯಾದವರ ಹತ್ತಿರವೇ ಇದ್ದವು. ಒಂದು ಒಗೆಯುವ ಮಷೀನಿನ ಜಾಲರಿಯಲ್ಲಿ ಅಂಟಿನ ಮುದ್ದೆಯಾಗಿ ಸಿಕ್ಕಿತು. ಇನ್ನೊಂದು ಎಲ್ಲೂ ಸಿಗಲಿಲ್ಲ. ಅದು ಇಸ್ತ್ರಿಯವಳ ಗೂಟದಲ್ಲಿ ನೇತಾಡುತ್ತಿದ್ದ ಏಪ್ರನ್ನಿಗೆ ಹಾಕಿದ್ದು.

"ಪೇಪರ್ ಚೂರನ್ನ ಯಾರು ಕದೀತಾರೆ?" ಎಂದಳು ಮಡಚುವ ಹುಡುಗಿ. ದನಿಯಲ್ಲಿ ಗೆದ್ದ ಖುಷಿಯಿತ್ತು.

ಮಾಲಕಿ ಸೋಪ್ ಮಾವನ ಕಡೆ ತಿರುಗಿದಳು. "ಚಿಕ್ಕಮ್ಮನ ಗೂಟಕ್ಕೆ ಬೇರೆಯವರ ಏಪ್ರನ್ ಹೇಗೆ ಬರತ್ತೆ ಮಾವ?"

"ಅದರ ಹಿಂದೆ ಬಿಸಿನೀರಿನ ಪೈಪಿದೆಯಲ್ಲ. ಒದ್ದೆಯಾದದ್ದು ಅಲ್ಲಿ ಬೇಗ ಒಣಗತ್ತೆ."

"ಯಾರು ಹಾಕ್ತೀರಿ?"

"ಒದ್ದೆಯಾದವರು ಹಾಕ್ತೀವಿ. ಆಮೇಲೆ ಕೈಗೆ ಸಿಕ್ಕಿದ್ದು ತೊಟ್ಕೋತೀವಿ."

"ಒಣಗದಿದ್ರೆ?"

"ಯಾರಾದ್ರೂ ಬುಟ್ಟಿಗೆ ಎಸೀತಾರೆ. ಬುಟ್ಟಿ ಮಷೀನಿಗೆ ಹೋಗತ್ತೆ. ದಾರೀಲಿ ಬಿದ್ರೆ ಹೋಟೆಲ್ ಗಾಡಿಗೂ ಹೋಗತ್ತೆ."

"ಇಷ್ಟು ಗೊತ್ತಿದ್ದೂ ನಿನ್ನೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಯಾರು ಕದ್ರು ಅಂತ," ಎಂದ ಮುದುಕ. "ಅದು ನನಗೆ ಗೊತ್ತಿರ್ಲಿಲ್ಲ."

ಎಲ್ಲರೂ ಹೋದ ಮೇಲೆ ತಮ್ಮ ಗಲ್ಲಾದ ಹತ್ತಿರ ನಿಂತ. ಅಕ್ಕನ ಮುಖ ನೋಡಿಯೇ ಅವನಿಗೆ ವಿಷಯ ತಿಳಿದಿತ್ತು.

"ಪೂರ್ತಿ ಕೊಡ್ತೀಯ?"

"ಕೊಡ್ತೀನಿ."

"ನಾನೇನು ಬೇಕಂತ ಮಾಡಿದ್ನಾ? ಅಮ್ಮ ಮಾಡಿದ ಹಾಗೇ ಮಾಡಿದೆ."

"ನೀನು ತಪ್ಪು ಮಾಡಿದೆ ಅಂತ ಯಾರಂದ್ರು? ಅಮ್ಮನ ಕಾಲದಲ್ಲಿ ಇದ್ದವರು ಮೂರೋ ನಾಲ್ಕೋ ಜನ. ಯಾರ ಏಪ್ರನ್ ಯಾವುದು ಅಂತ ವಾಸನೆ ನೋಡೇ ಹೇಳ್ತಿದ್ಲು." ಅವಳು ಗಲ್ಲಾದ ಬೀಗ ತೆಗೆದಳು. "ಮಷೀನು ನಿಲ್ಲಿಸೋ ಅರ್ಧ ಗಂಟೆ ಉಳಿಸೋಕೆ ಜೇಬಿಗೆ ಹಾಕ್ತಾ ಬಂದ್ವಿ. ಇಷ್ಟು ವರ್ಷ ಆ ಅರ್ಧ ಗಂಟೆ ಯಾರಿಗೆ ಉಳೀತು?"

"ನಮಗೆ."

"ಉಳಿದದ್ದು ನಮಗೆ, ಕಳೆದದ್ದು ಅವಳಿಗೆ. ಇದು ಯಾವ ಊರಿನ ಲೆಕ್ಕ ಕಣೋ?"

ತಮ್ಮ ತಲೆ ಕೆರೆದುಕೊಂಡ. "ಹಾಗಾದ್ರೆ ಮುಂದಿನ ತಿಂಗಳಿಂದ ಕೈಗೇ ಕೊಡೋದು. ಆಗ ಕಳೀತು ಅಂತ ಸುಳ್ಳು ಹೇಳೋಕೂ ಆಗಲ್ಲ," ಎಂದ. ತನ್ನ ಹಟದಲ್ಲೂ ಒಂದು ಹಿಡಿ ನ್ಯಾಯವಿತ್ತು ಎಂದು ತೋರಿಸುವುದು ಅವನಿಗೆ ಬೇಕಿತ್ತು. ಅಕ್ಕ ಅದನ್ನು ಅವನಿಗೆ ಬಿಟ್ಟುಕೊಟ್ಟಳು.

ಶನಿವಾರ ಬೆಳಿಗ್ಗೆ ಇಸ್ತ್ರಿಯವಳು ಮದುವಣಿಗನ ಶರ್ಟೊಂದರ ಕಾಲರಿನ ಮೇಲೆ ಬಗ್ಗಿದ್ದಳು. ಮಾಲಕಿ ಬಂದು ಎದುರಿಗೆ ನಿಂತಳು. ಕೈಯಲ್ಲಿ ಕವರು.

"ಕೈ ನೀಡು ಚಿಕ್ಕಮ್ಮ."

"ಜೇಬಿಗೆ ಹಾಕಿಬಿಡಿ ಅಕ್ಕಾ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದೆ."

"ಕೆಳಗಿಡು. ನಾನು ಕಾಯ್ತೀನಿ."

ಅವಳು ಕಾಲರು ಮುಗಿಸಿ, ಪೆಟ್ಟಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ ನೀಡುವವರೆಗೂ ಮಾಲಕಿ ನಿಂತೇ ಇದ್ದಳು. ಮಡಚುವ ಹುಡುಗಿ ಕೆಲಸ ಬಿಟ್ಟು ನೋಡುತ್ತಿದ್ದಳು. ಅವಳನ್ನು ಯಾರೂ ಗದರಲಿಲ್ಲ.

ಕವರಿನ ದಪ್ಪಕ್ಕೇ ಇಸ್ತ್ರಿಯವಳಿಗೆ ತಿಳಿಯಿತು. "ಪೂರ್ತಿ ಇದೆ!"

"ಎಣಿಸು."

"ಛೇ, ನಿಮ್ಮ ಮುಂದೆ ಎಣಿಸೋದಾ? ನಂಬಿಕೆ ಇಲ್ವಾ ನನಗೆ?"

"ನಂಬಿಕೆ ಇರಲಿ. ಎಣಿಸು. ನೀನು ಎಣಿಸಿ ಸರಿಯಿದೆ ಅನ್ನೋವರೆಗೂ ಅದು ನನ್ನ ದುಡ್ಡು. ಕಳೆದರೂ ನನ್ನದೇ."

ಇಸ್ತ್ರಿಯವಳು ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು, ಆತುರವಿಲ್ಲದೆ, ಒಂದೊಂದೇ ನೋಟನ್ನು ಮೇಜಿನ ಮೇಲಿಟ್ಟು ಎಣಿಸತೊಡಗಿದಳು.